ಕಡಲ ನಡುವಣ ಉಗ್ರಾಣ

ಮದುವೆಮನೆಗೆ ಬಂದವರ ಕಣ್ಣೆಲ್ಲ ಮಂಟಪದ ಮೇಲೆ. ಆದರೆ ಉಗ್ರಾಣ ಬರಿದಾದರೆ ಪಂಕ್ತಿಯೇ ನಿಂತುಹೋಗುತ್ತದೆ. ನೌಕಾಪಡೆಯ ಸಂಗತಿಯೂ ಇದಕ್ಕೆ ಹೊರತಲ್ಲ. ತೋಪು, ಕ್ಷಿಪಣಿಗಳನ್ನು ಹೊತ್ತ ಸಮರನೌಕೆಗಳ ಹೆಸರು ಮನೆಮಾತಾಗುತ್ತದೆ. ಅವುಗಳಿಗೆ ಇಂಧನ, ಸಿಹಿನೀರು, ಆಹಾರ ಸಾಮಗ್ರಿಗಳನ್ನು ಒದಗಿಸುವ ಹಡಗಿನ ಹೆಸರನ್ನು ಬಲ್ಲವರು ವಿರಳ. ಭಾರತೀಯ ನೌಕಾಪಡೆಯಲ್ಲಿ ಮೂರು ದಶಕ ದುಡಿದ ‘ಶಕ್ತಿ’ ಅಂತಹ ಒಂದು ಹಡಗು.

ಜರ್ಮನಿಯ ಬ್ರೆಮೆನ್ ನಗರದಲ್ಲಿ ನಿರ್ಮಾಣಗೊಂಡ ಈ ತೈಲನೌಕೆ 1976ರಲ್ಲಿ ಸೇವೆಗೆ ಸೇರಿತು. 1967ರಲ್ಲಿ ಬಂದಿದ್ದ ‘ದೀಪಕ್’ ಇದರ ಹಿರಿಯಕ್ಕ.

ಇಂತಹ ಹಡಗಿನ ಕೆಲಸ ನೋಡಲು ಸರಳ, ಮಾಡಲು ಕಠಿನ. ಇಂಧನ ಬೇಕಾದ ಸಮರನೌಕೆಯು ತೈಲನೌಕೆಯ ಪಕ್ಕಕ್ಕೆ ಬಂದು, ಕೆಲವೇ ಮಾರುಗಳ ಅಂತರದಲ್ಲಿ, ಅದೇ ವೇಗದಲ್ಲಿ ಸಮಾನಾಂತರವಾಗಿ ಸಾಗಬೇಕು. ಮೊದಲು ಒಂದು ತೆಳುವಾದ ದಾರವನ್ನು ಬಂದೂಕಿನಿಂದ ಆಚೆಗೆ ಹಾರಿಸುತ್ತಾರೆ. ಅದರ ಹಿಂದೆ ದಪ್ಪ ಹಗ್ಗ, ಅದರ ಹಿಂದೆ ಉಕ್ಕಿನ ತಂತಿ; ಆ ತಂತಿಗೆ ತೂಗುಬಿದ್ದ ಕೊಳವೆಯಲ್ಲಿ ತೈಲ ಹರಿಯುತ್ತದೆ. ಎರಡು ಒಡಲುಗಳ ನಡುವೆ ನೀರು ರಭಸದಿಂದ ನುಗ್ಗಿದಾಗ ಒತ್ತಡ ಕುಗ್ಗಿ, ಹಡಗುಗಳು ಒಂದನ್ನೊಂದು ಸೆಳೆಯತೊಡಗುತ್ತವೆ. ಚುಕ್ಕಾಣಿ ಹಿಡಿದವನು ಕ್ಷಣ ಮೈಮರೆತರೂ ಅನಾಹುತ ತಪ್ಪಿದ್ದಲ್ಲ. ಈ ಕೆಲಸ ಕತ್ತಲಲ್ಲಿಯೂ ನಡೆಯಬೇಕು. ಇದರ ಫಲವೆಂದರೆ, ಸಮರನೌಕೆ ಬಂದರಿಗೆ ಮರಳದೆ ವಾರಗಟ್ಟಲೆ ಕಡಲಿನಲ್ಲಿಯೇ ಉಳಿಯಬಲ್ಲದು.

ಈ ಮಾತಿನ ಬೆಲೆ 2006ರ ಜುಲೈಯಲ್ಲಿ ಅರಿವಾಯಿತು. ಲೆಬನಾನಿನಲ್ಲಿ ಯುದ್ಧ ಭುಗಿಲೆದ್ದಾಗ ‘ಮುಂಬೈ’, ‘ಬ್ರಹ್ಮಪುತ್ರ’, ‘ಬೇತ್ವಾ’ ಎಂಬ ಸಮರನೌಕೆಗಳು ಮೆಡಿಟರೇನಿಯನ್ ಸಂಚಾರ ಮುಗಿಸಿ ತಾಯ್ನಾಡಿನತ್ತ ಹೊರಟಿದ್ದವು. ಜೊತೆಯಲ್ಲಿ ‘ಶಕ್ತಿ’ಯೂ ಇತ್ತು. ಸಂಕಟದಲ್ಲಿ ಸಿಲುಕಿದವರನ್ನು ಕರೆತರಲು ಆಜ್ಞೆಯಾಯಿತು. ಬೈರೂತಿನಿಂದ ಸೈಪ್ರಸ್ಸಿನ ಲಾರ್ನಕಕ್ಕೆ ಸುಮಾರು 200 ಕಿಲೋಮೀಟರು. ‘ಆಪರೇಷನ್ ಸುಕೂನ್’ ಎಂಬ ಈ ಕಾರ್ಯದಲ್ಲಿ ಸುಮಾರು 2,280 ಜನ ಸುರಕ್ಷಿತವಾಗಿ ಪಾರಾದರು. ಅವರಲ್ಲಿ ಶ್ರೀಲಂಕೆಯವರೂ ನೇಪಾಳದವರೂ ಇದ್ದರು. ತವರಿನಿಂದ ಅಷ್ಟು ದೂರದಲ್ಲಿ ಆ ನೌಕೆಗಳಿಗೆ ನಡೆದಾಡುವ ಉಗ್ರಾಣವಾಗಿದ್ದುದು ಮೂವತ್ತು ವರ್ಷದ ಈ ಮುದಿ ಹಡಗೇ. ಮರುವರ್ಷ, 2007ರಲ್ಲಿ, ಅದು ನಿವೃತ್ತಿ ಹೊಂದಿತು.

ನೌಕಾಪಡೆಯ ಸಂಪ್ರದಾಯದಂತೆ ಹಡಗು ಅಳಿದರೂ ಹೆಸರು ಉಳಿಯುತ್ತದೆ. ಇಟಲಿಯಲ್ಲಿ ನಿರ್ಮಾಣಗೊಂಡ ಹೊಸ ‘ದೀಪಕ್’ ಮತ್ತು ‘ಶಕ್ತಿ’ 2011ರಲ್ಲಿ ಸೇವೆಗೆ ಸೇರಿದವು. ವಿಮಾನವಾಹಕ ‘ವಿಕ್ರಮಾದಿತ್ಯ’ವು ರಷ್ಯದಿಂದ ಹೊರಟು 2014ರ ಜನವರಿಯಲ್ಲಿ ನಮ್ಮ ಕಾರವಾರವನ್ನು ಸೇರಿದ ಆ ದೀರ್ಘಯಾನದಲ್ಲಿ ಜೊತೆಗಿದ್ದ ಹಡಗುಗಳಲ್ಲಿ ಹೊಸ ‘ದೀಪಕ್’ ಒಂದು. ಅಂದು ಜನರ ಕಣ್ಣು ‘ವಿಕ್ರಮಾದಿತ್ಯ’ದ ಮೇಲಿದ್ದುದು ಸಹಜವೇ, ಉಗ್ರಾಣದವರಿಗೆ ಅದರಿಂದ ಬೇಸರವಿಲ್ಲ, ಪಂಕ್ತಿ ಸಾಂಗವಾಗಿ ಮುಗಿದರೆ ಸಾಕು.