ನಿಮಗಿದು ಗೊತ್ತೆ? ಮರಳಡಿಯ ಮೀನು ಹುಡುಕುವ ಪುಟ್ಟ ಶಾರ್ಕ್

ಯುರೋಪಿನ ಕರಾವಳಿಯ ಚುಕ್ಕೆ ಕ್ಯಾಟ್‌ಶಾರ್ಕ್ ಸಾಮಾನ್ಯವಾಗಿ ಒಂದು ಮೀಟರಿಗಿಂತ ಚಿಕ್ಕದು. ಮರಳಡಿ ಅಡಗಿದ ಮೀನು ಇದಕ್ಕೆ ಗೊತ್ತಾಗುವುದು ಹೇಗೆ? ಡಚ್ ವಿಜ್ಞಾನಿ ಆಡ್ರಿಯಾನಸ್ ಕಾಲ್ಮೈನ್ 1971ರಲ್ಲಿ ಪ್ರಕಟಿಸಿದ ಪ್ರಯೋಗ ಬಲು ಸೊಗಸಾದದ್ದು. ಚಪ್ಪಟೆ ಮೀನೊಂದನ್ನು ವಿದ್ಯುತ್ತನ್ನು ತಡೆಯದ ಅಗರ್ ಜೆಲ್ಲಿಯ ಗೂಡಿನಲ್ಲಿಟ್ಟು ಮರಳಲ್ಲಿ ಹೂತರೂ ಶಾರ್ಕ್ ನೇರ ಅಲ್ಲಿಗೇ ನುಗ್ಗಿತು. ವಿದ್ಯುತ್ ತಡೆಯುವ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದಾಗ ಮಾತ್ರ ಗುರುತೇ ಸಿಗಲಿಲ್ಲ. ಕೊನೆಗೆ ಮೀನನ್ನೇ ತೆಗೆದು, ಅದರ ದೇಹ ಹೊಮ್ಮಿಸುವಂಥ ಕ್ಷೀಣ ವಿದ್ಯುತ್ತನ್ನು ಎಲೆಕ್ಟ್ರೋಡ್‌ಗಳಿಂದ ಹರಿಸಿದರೆ, ಶಾರ್ಕ್ ಅವುಗಳ ಮೇಲೆಯೇ ಎರಗಿತು! ಇದರ ಮೂತಿಯ ಸುತ್ತ ಇರುವ, ಲೋಳೆ ತುಂಬಿದ ಸೂಕ್ಷ್ಮ ರಂಧ್ರಗಳೇ ವಿದ್ಯುತ್ತನ್ನು ಗ್ರಹಿಸುತ್ತವೆ. ಮೊಟ್ಟೆಯೊಳಗೆ ಬೆಳೆದ ಮರಿಗೂ ಈ ಶಕ್ತಿ ಉಂಟು. ವೈರಿ ಹತ್ತಿರ ಬಂದ ಸುಳಿವು ಸಿಕ್ಕರೆ ಅದು ಅಲುಗಾಡದೆ ಉಸಿರು ಬಿಗಿಹಿಡಿಯುತ್ತದೆ.