ಯಂತ್ರವನ್ನು ಎಬ್ಬಿಸುವ ೪೪೬ ಬೈಟುಗಳು

ಮುಂಜಾನೆ ಮನೆಮಂದಿಯನ್ನೆಲ್ಲ ಎಬ್ಬಿಸುವವರನ್ನು ಎಬ್ಬಿಸುವವರು ಯಾರು? ಗಣಕಯಂತ್ರದ ಮುಂದೆಯೂ ಇಂಥದೇ ಪ್ರಶ್ನೆಯುಂಟು. ಅದರ ಸಕಲ ವ್ಯವಹಾರಗಳನ್ನೂ ನಡೆಸತಕ್ಕ ಆಪರೇಟಿಂಗ್ ಸಿಸ್ಟಂ, ಯಂತ್ರವು ನಿಂತಿರುವಾಗ ಡಿಸ್ಕಿನಲ್ಲಿ ನಿಶ್ಚಲವಾಗಿ ಮಲಗಿರುತ್ತದೆ. ಅದನ್ನು ಎತ್ತಿ ತರಲು ಇನ್ನೊಂದು ತಂತ್ರಾಂಶ ಬೇಕು. ಅದನ್ನು ತರಲು ಮತ್ತೊಂದು! ಈ ಸರಪಳಿಯ ಮೊದಲ ಕೊಂಡಿಗಳನ್ನು ಅರಿತವನು, ಹಳೆಯದೆಂದು ಮೂಲೆಗೆ ಸೇರಿದ ಯಂತ್ರಕ್ಕೆ ಮರುಜೀವ ಕೊಡಬಲ್ಲನು.

೧೯೮೧ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನ ವಂಶಕ್ಕೆ ಸೇರಿದ ಹಳೆಯ ಯಂತ್ರಗಳಲ್ಲಿ ‘ಬಯಾಸ್’ ಎಂಬ ತಂತ್ರಾಂಶವು ಒಂದು ಚಿಪ್ಪಿನಲ್ಲಿ ನೆಲೆಸಿರುತ್ತದೆ. ವಿದ್ಯುತ್ತು ಹರಿದೊಡನೆ ಎಚ್ಚರಗೊಳ್ಳುವುದು ಇದೇ. ಇದು ಡಿಸ್ಕಿನ ಮೊಟ್ಟಮೊದಲ ಖಂಡವನ್ನು, ಅಂದರೆ ೫೧೨ ಬೈಟುಗಳನ್ನು ಮಾತ್ರ ಓದಿ, ಅಲ್ಲಿರುವ ಆಜ್ಞೆಗಳಿಗೆ ಅಧಿಕಾರವನ್ನು ಒಪ್ಪಿಸಿಬಿಡುತ್ತದೆ. ಇವುಗಳಲ್ಲಿ ೬೪ ಬೈಟುಗಳು ಡಿಸ್ಕಿನ ವಿಭಾಗಗಳ ಪಟ್ಟಿಗೆ, ೨ ಬೈಟುಗಳು ಕೊನೆಯ ಗುರುತಿಗೆ ಮೀಸಲು. ಉಳಿದ ೪೪೬ರಲ್ಲಿ ‘ಬೂಟ್ ಲೋಡರ್’ ಕಾಲೂರಬೇಕು. ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಒಂದು ಚಿಹ್ನೆಗೆ ೩ ಬೈಟು ಬೇಕಾಗುವುದರಿಂದ, ಈ ಜಾಗದಲ್ಲಿ ೧೫೦ ಚಿಹ್ನೆಗಳೂ ಹಿಡಿಸಲಾರವು! ಆದುದರಿಂದ ಈ ಪುಟ್ಟ ತಂತ್ರಾಂಶವು ತನಗಿಂತ ದೊಡ್ಡದೊಂದನ್ನು ಕರೆತಂದು ತಾನು ಸರಿದುಕೊಳ್ಳುತ್ತದೆ.

೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿಗೆ ‘ಲಿಲೋ’ ಎಂಬ ಲೋಡರ್ ಒದಗಿತು. ಲಿನಕ್ಸಿನ ತಿರುಳಾದ ‘ಕರ್ನೆಲ್’ ಡಿಸ್ಕಿನ ಯಾವ ಯಾವ ಖಂಡಗಳಲ್ಲಿದೆಯೆಂದು ಇದು ಮೊದಲೇ ಗುರುತು ಹಾಕಿಕೊಳ್ಳುತ್ತಿತ್ತು. ಹೊಸ ಕರ್ನೆಲನ್ನು ಸ್ಥಾಪಿಸಿ, ಲಿಲೋವನ್ನು ಮತ್ತೊಮ್ಮೆ ನಡೆಸಲು ಮರೆತರೆ, ಅದು ನೆಂಟರು ಬಿಟ್ಟುಹೋದ ಮನೆಯ ಬಾಗಿಲನ್ನೇ ತಟ್ಟುತ್ತಿತ್ತು! ೧೯೯೫ರಲ್ಲಿ ಎರಿಕ್ ಬೋಲಿನ್ ರಚಿಸಿದ ‘ಗ್ರಬ್’, ಕಡತವನ್ನು ಹೆಸರಿನಿಂದಲೇ ಹುಡುಕುವುದನ್ನು ಬಲ್ಲುದು.

ಆದರೂ ತೀರ ಹಳೆಯ ಯಂತ್ರಗಳಲ್ಲಿ ತೊಡಕೊಂದುಂಟು. ಡಿಸ್ಕಿನ ಸುತ್ತುಪಟ್ಟೆಗಳ ಸಮೂಹಗಳಾದ ‘ಸಿಲಿಂಡರು’ಗಳನ್ನು ಎಣಿಸಲು ಅವುಗಳ ಬಯಾಸಿಗೆ ೧೦ ಬಿಟ್‌ಗಳಷ್ಟೇ ಲಭ್ಯ, ೧೦೨೪ರಿಂದಾಚೆಗೆ ಅದರ ಕೈ ಚಾಚದು. ಅನೇಕ ಯಂತ್ರಗಳಲ್ಲಿ ಈ ಎಲ್ಲೆಯು ಸುಮಾರು ೫೨.೮ ಕೋಟಿ ಬೈಟುಗಳಿಗೆ ಮುಗಿಯುತ್ತದೆ. ಕರ್ನೆಲ್ ಅದರಾಚೆ ಮಲಗಿದ್ದರೆ ಯಂತ್ರವು ಏಳುವುದೆಂತು? ಪರಿಹಾರ ಸರಳ. ಡಿಸ್ಕಿನ ಆದಿಯಲ್ಲಿಯೇ ಒಂದು ಚಿಕ್ಕ ವಿಭಾಗವನ್ನು ಮಾಡಿ, ಕರ್ನೆಲನ್ನು ಅಲ್ಲಿಡಬೇಕು. ಅದು ಎದ್ದಮೇಲೆ ಡಿಸ್ಕನ್ನು ತಾನೇ ನೇರವಾಗಿ ಓದಬಲ್ಲದಾದುದರಿಂದ, ಬಯಾಸಿನ ಎಲ್ಲೆ ಅದನ್ನು ಬಾಧಿಸದು.

ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ಲೋಡರನ್ನು ಬದಲಿಸುವ ಮುನ್ನ ಮೊದಲ ಖಂಡದ ಪ್ರತಿಯೊಂದನ್ನು ಬೇರೆಡೆ ಕಾಪಾಡಿಕೊಳ್ಳಿರಿ. ವಿಭಾಗಗಳನ್ನು ಬದಲಿಸಿದ ತರುವಾಯ ಹಳೆಯ ಲೋಡರನ್ನು ಮರಳಿ ಬರೆಯಬೇಕಾದರೆ, ೪೪೬ ಬೈಟುಗಳನ್ನಷ್ಟೇ ಬರೆಯಬೇಕು. ಪೂರ್ತಿ ೫೧೨ನ್ನೂ ಬರೆದರೆ ಹಳೆಯ ಪಟ್ಟಿಯು ಹೊಸದನ್ನು ನುಂಗಿ, ಕುಟುಂಬದ ಚಿತ್ರಗಳೂ ಪತ್ರಗಳೂ ಡಿಸ್ಕಿನಲ್ಲಿದ್ದೇ ಕಾಣದಾಗುವುವು.

೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಗೆ ಅರ್ಹವಲ್ಲದ ಎಷ್ಟೋ ಯಂತ್ರಗಳು ಗುಜರಿಯ ದಾರಿ ಹಿಡಿದಿವೆ. ಅವುಗಳಲ್ಲಿ ಅನೇಕಕ್ಕೆ ಮುಪ್ಪು ಬಂದಿಲ್ಲ. ಅವನ್ನು ಎಬ್ಬಿಸುವವರು ಬೇಕಾಗಿದೆ, ಅಷ್ಟೆ.