ಬಾಗಿದ ಮೈಗೆ ತ್ರಿಕೋನದ ಲೆಕ್ಕ

ಕ್ಷಿಪಣಿಯ ಮೈಮೇಲೆ ಕಡ್ಡಿ ಆಂಟೆನಾ ನಿಲ್ಲಿಸಿದರೆ ಗಾಳಿಗೆ ಅಡ್ಡಿ. ಒಳಗೆ ಬಚ್ಚಿಟ್ಟರೆ ಲೋಹದ ಕವಚ ರೇಡಿಯೊ ಅಲೆಗಳನ್ನು ಹೊರಬಿಡದು. ಹಾಗಾಗಿ ಎಂಜಿನಿಯರ್‌ಗಳ ಕಣ್ಣು ಬಿದ್ದದ್ದು ಆ ದುಂಡುಮೈಯ ಮೇಲೇ.

ತೆಳು ಪಟ್ಟಿಯ ಆಂಟೆನಾದ ಕಲ್ಪನೆಯನ್ನು ಜಾರ್ಜ್ ಡೆಶಾಂಪ್ 1953ರಲ್ಲೇ ಮುಂದಿಟ್ಟಿದ್ದರು. ಅದು ಬಳಕೆಗೆ ಒದಗಲು ಎರಡು ದಶಕ ಹಿಡಿಯಿತು. ರಾಕೆಟ್, ಕ್ಷಿಪಣಿಗಳ ಸುತ್ತ ಪಟ್ಟಿಯಾಗಿ ಕೂರುವ ಆಂಟೆನಾಗಳನ್ನು ಅಮೆರಿಕದ ರಾಬರ್ಟ್ ಮನ್ಸನ್ 1974ರ ಪ್ರಬಂಧದಲ್ಲಿ ವಿವರಿಸಿದರು. ಪಟ್ಟಿಯ ಸುತ್ತಳತೆಯಲ್ಲಿ ಎಷ್ಟು ತರಂಗಾಂತರಗಳು ಹಿಡಿಸುತ್ತವೋ ಅದಕ್ಕಿಂತ ಹೆಚ್ಚು ಕಡೆ ಅದಕ್ಕೆ ವಿದ್ಯುತ್ ಊಡಬೇಕು. ಆಗ ಸುತ್ತಲೂ ಸಮನಾಗಿ ಪ್ರಸಾರವಾಗುತ್ತದೆ.

ಕೊಳವೆಯ ಮಟ್ಟಿಗೆ ಇದು ಸಲೀಸು. ಆದರೆ ನಿಂಬೆಹಣ್ಣಿಗೆ ಕಾಗದ ಸುತ್ತಿ ನೋಡಿ, ಸುಕ್ಕು ತಪ್ಪದು. ವಿಮಾನದ ಮೂತಿಯದ್ದೂ ಇದೇ ತಕರಾರು, ಲೆಕ್ಕದಲ್ಲಂತೂ ಇನ್ನೂ ಜೋರು. ಮೇಲ್ಮೈಯನ್ನು ಚೂರು ಮಾಡಿ, ಚೂರುಚೂರಿನ ವಿದ್ಯುತ್ ಪ್ರವಾಹವನ್ನು ಕಂಪ್ಯೂಟರಿನಿಂದ ಬಿಡಿಸುವ ಹಾದಿಯನ್ನು ರೋಜರ್ ಹ್ಯಾರಿಂಗ್ಟನ್ ತಮ್ಮ 1968ರ ಪುಸ್ತಕದಲ್ಲಿ ಕ್ರಮಬದ್ಧವಾಗಿ ಹಾಕಿಕೊಟ್ಟಿದ್ದರು. ಚೂರಿನ ಆಕಾರ ಯಾವುದಿರಬೇಕು? ಆಯತಗಳು ಇಂಥ ಬಾಗಿಗೆ ಹೊಂದವು. ತ್ರಿಕೋನಗಳು ಹೊಂದುತ್ತವೆ, ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಪ್ರವಾಹ ತುಂಡಾದರೆ ಅಂಚಿನಲ್ಲಿ ಇಲ್ಲದ ವಿದ್ಯುದಂಶ ಹುಟ್ಟಿಕೊಂಡು ಲೆಕ್ಕ ಕೆಡುತ್ತದೆ.

ಗಂಟು ಬಿಚ್ಚಿದ್ದು 1982ರಲ್ಲಿ, ಸದಾಶಿವ ರಾವ್, ಡೊನಾಲ್ಡ್ ವಿಲ್ಟನ್ ಮತ್ತು ಅಲೆನ್ ಗ್ಲಿಸನ್ ಅವರ ಪ್ರಬಂಧ. ರಾವ್ 1976ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಹೋದವರು. ಮೂವರೂ ಒಂಟಿ ತ್ರಿಕೋನವನ್ನು ಬಿಟ್ಟು ಅಂಚು ಹಂಚಿಕೊಂಡ ಜೋಡಿಯನ್ನು ಹಿಡಿದರು. ಒಂದರಲ್ಲಿ ಅಂಚಿನತ್ತ ಬಂದಷ್ಟೇ ಪ್ರವಾಹ ಇನ್ನೊಂದರಲ್ಲಿ ಮುಂದೆ ಸಾಗುವಂತೆ ಸೂತ್ರ ಹೆಣೆದರು. ನೋಡಲು ಸರಳ, ಆಂಟೆನಾ ಸಾಫ್ಟ್‌ವೇರ್‌ಗಳು ಇವತ್ತಿಗೂ ಮೂವರ ಹೆಸರಿನ ಮೊದಲಕ್ಷರ ಹೊತ್ತ ಈ ಸೂತ್ರವನ್ನು ಬಿಟ್ಟಿಲ್ಲ.

ಬೆಲೆಯೇನೋ ದುಬಾರಿ. ತ್ರಿಕೋನದ ಅಂಚು ತರಂಗಾಂತರದ ಹತ್ತನೇ ಒಂದರಷ್ಟಿರಬೇಕೆಂಬುದು ರೂಢಿ. 10 ಗಿಗಾಹರ್ಟ್ಸ್‌ನಲ್ಲಿ ಅದು 3 ಮಿಲಿಮೀಟರ್. ಆವರ್ತನ ಇಮ್ಮಡಿಯಾದರೆ ತ್ರಿಕೋನಗಳು ನಾಲ್ಕು ಪಟ್ಟು, ಕಂಪ್ಯೂಟರಿನ ನೆನಪಿನಲ್ಲಿ ತುಂಬುವ ಕೋಷ್ಟಕ ಹದಿನಾರು ಪಟ್ಟು!

ಇಡೀ ವಿಮಾನಕ್ಕೆ ಹೀಗೆ ಲೆಕ್ಕ ಹಾಕುವುದು ಕಷ್ಟವೆಂದು ಕೆಲವರು ಅಲೆಯ ದಾರಿಯನ್ನು ಕಿರಣವೆಂದೆಣಿಸುವ ಲೆಕ್ಕದ ಮೊರೆಹೋದರು. ಬಾಗಿದ ಮೈಗೆ ಅಂಟಿ ತೆವಳುವ ಅಲೆ ಅತಿ ಹತ್ತಿರದ ದಾರಿಯನ್ನೇ ಹಿಡಿಯುತ್ತದೆ. ಸಿಲಿಂಡರನ್ನು ಬಿಚ್ಚಿ ಹರಡಿದರೆ ಆ ದಾರಿ ಬರೀ ಸರಳರೇಖೆ, ಮೂತಿಯ ಮೇಲೆ ಅಷ್ಟು ಸುಲಭವಲ್ಲ. ಅಂಥ ಆಕಾರಗಳ ಮೇಲೂ ದಾರಿಯನ್ನು ಸೂತ್ರದಿಂದಲೇ ಪಡೆಯುವ ವಿಧಾನವನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಆರ್. ಎಂ. ಝಾ ಜರ್ಮನಿಯ ವರ್ನರ್ ವೀಸ್‌ಬೆಕ್ ಜೊತೆ 1995ರಲ್ಲಿ ಪ್ರಕಟಿಸಿದರು. ಈಗ ಎರಡನ್ನೂ ಬೆರೆಸುವುದುಂಟು: ಆಂಟೆನಾದ ಆಸುಪಾಸಿಗೆ ತ್ರಿಕೋನಗಳು, ಉಳಿದ ವಿಮಾನಕ್ಕೆ ಕಿರಣಗಳು.